ಗಾಣಕ್ಕೆ ಹೋಗಿ ಬಂದ ಕಬ್ಬು: ಮೀಡಿಯಾ ಕಾರು ಕೊಂಡು ಮಾರಿದ ನನ್ನ ಅನುಭವ

"ಗಾಣಕ್ಕೆ ಕೊಟ್ಟು ತೆಗೆದ ಕಬ್ಬು ಕಣಪ್ಪ ಅದು. ಸಿಪ್ಪೇಲಿ ರಸ ಎಲ್ಲಿಂದ ಬತ್ತದೆ?"

2022ರಲ್ಲಿ ಮೊದಲನೇ ಮೀಡಿಯಾ ಗಾಡಿಯನ್ನು, ಅಂದರೆ ಕಾರು ಕಂಪನಿ ವಿಮರ್ಶೆಗೆ ಅಂತ ಪತ್ರಿಕೆಯವರಿಗೆ, ಯೂಟ್ಯೂಬಿನವರಿಗೆ ಕೊಟ್ಟು ವಾಪಸ್ ತಗೊಂಡ ಗಾಡಿಯನ್ನು, ಮಂಡ್ಯದ ನಮ್ಮ ಶೆಡ್ಡಿಗೆ ತಂದು ನಿಲ್ಲಿಸಿದಾಗ ಮಾವ ಅಂದಿದ್ದು ಇಷ್ಟೇ. ಬಂಡವಾಳದಲ್ಲಿ ಮೂರು ಲಕ್ಷ ಅವರದೇ ಇತ್ತು, ಅನ್ನೋ ಹಕ್ಕೂ ಇತ್ತು. ಮೈಸೂರು ರಸ್ತೆಯ ಹಳೇ ಗಾಡಿ ವ್ಯಾಪಾರಿಗಳು ಇನ್ನೂ ಒರಟಾಗಿ ಅಂದರು, ಅದನ್ನು ಇಲ್ಲಿ ಬರೆಯಲ್ಲ. ಈಗ ಹನ್ನೊಂದು ಮೀಡಿಯಾ ಗಾಡಿ ಕೊಂಡು ಮಾರಿದ್ದೇನೆ. ಮೊದಲೆರಡು ಕೈ ಸುಟ್ಟವು, ಉಳಿದ ಒಂಬತ್ತೂ ಲಾಭ. ಅವತ್ತು ನಕ್ಕವರಲ್ಲಿ ಇಬ್ಬರು ಈಗ ಫೋನ್ ಮಾಡಿ "ಆ ಲಾಟ್ ಯಾವಾಗ ಬರುತ್ತೆ ಅಣ್ಣ" ಅಂತ ಕೇಳ್ತಾರೆ. ಅದಕ್ಕೇ ಬರೀತಿದ್ದೇನೆ.

ಈ ಗಾಡಿಗಳನ್ನು ಪತ್ರಿಕೆಯವರು, ಯೂಟ್ಯೂಬಿನವರು ಮೂರು ನಾಲ್ಕು ದಿನ ಓಡಿಸಿ ವಾಪಸ್ ಕೊಡ್ತಾರೆ. ಕಂಪನಿ ಹೆಸರಲ್ಲೇ ಆರ್‌ಸಿ ಇರುತ್ತೆ. ವರ್ಷ ತಿರುಗೋದರೊಳಗೆ ಹದಿನೈದು ಇಪ್ಪತ್ತು ಸಾವಿರ ಕಿಲೋಮೀಟರ್ ಓಡಿರುತ್ತೆ, ಅಷ್ಟರಲ್ಲಿ ಹೊಸ ಮಾಡೆಲ್ ಬಂದು ಹಳೇದು ಬೇಡವಾಗುತ್ತೆ. ಆಮೇಲೆ ನಾನು ಕಂಡ ಹಾಗೆ ಅದಕ್ಕೆ ಮೂರು ದಾರಿ: ಕಂಪನಿಯ ನೌಕರರಿಗೆ ಕಡಿಮೆ ಬೆಲೆಗೆ ಹೋಗುತ್ತೆ, ಇಲ್ಲವೇ ಡೀಲರ್ ಮೂಲಕ ಅವರದೇ ಹಳೇ ಕಾರಿನ ಶೋರೂಮಿಗೆ ಹೋಗುತ್ತೆ, ಇಲ್ಲವೇ ನಮ್ಮಂಥ ವ್ಯಾಪಾರಿಗಳಿಗೆ ಲಾಟ್ ಆಗಿ, ಅಂದರೆ ಹಲವು ಗಾಡಿಗಳ ಪಟ್ಟಿಯಾಗಿ, ಬಿಡ್ಡಿಗೆ (ಹರಾಜಿಗೆ) ಬರುತ್ತೆ. ಮೂರನೇ ಬಾಗಿಲು ತಟ್ಟೋದು ಹೇಗೆ ಅಂತ ಮಾತ್ರ ಕೇಳಬೇಡಿ, ಅದು ನನ್ನ ಅನ್ನ.

ಕೆಲವು ಹುಡುಗರು "ಅಣ್ಣ, ಮೈಮೇಲೆ ಕಪ್ಪು ಬಿಳಿ ಸ್ಟಿಕ್ಕರ್ ಸುತ್ತಿಕೊಂಡು ಹೈವೇಲಿ ಓಡುತ್ತಲ್ಲ, ಅಂಥದ್ದು ಕೊಡಿಸಿ" ಅಂತ ಬರ್ತಾರೆ. ಅದು ಸಿಗಲ್ಲಪ್ಪ. ಮಾರುಕಟ್ಟೆಗೆ ಬರೋ ಮುಂಚಿನ ಪ್ರೋಟೋಟೈಪ್ ಅದು, ನಿಮ್ಮ ಹೆಸರಿಗೆ ಆರ್‌ಸಿ ಆಗೋ ಜಾತಿಯೇ ಅಲ್ಲ. ಪರೀಕ್ಷೆ ಮುಗಿದ ಮೇಲೆ ಅವು ಹೋಗೋದು ಗುಜರಿಗೆ.

ಮೊದಲನೇ ಗಾಡಿಯ ಕಥೆ ಬಿಡಿಸಿ ಹೇಳಲೇಬೇಕು. ಎಂಎಚ್ (ಮಹಾರಾಷ್ಟ್ರ) ನಂಬರಿನ ಡೀಸೆಲ್ ಎಸ್‌ಯುವಿ, ಮ್ಯಾನುಯಲ್ ಗೇರು, 19 ಸಾವಿರ ಓಡಿತ್ತು. ಹೊಸದಕ್ಕೆ ಆನ್ ರೋಡ್ ಹದಿನಾರೂವರೆ ಲಕ್ಷದ ಹತ್ತಿರ, ನನಗೆ ಸಿಕ್ಕಿದ್ದು 8.90ಕ್ಕೆ. ರಾತ್ರಿ ಖುಷಿಗೆ ನಿದ್ದೆ ಬರಲಿಲ್ಲ. ಪುಣೆಯಿಂದ ನಾನೇ ಓಡಿಸಿಕೊಂಡು ಬಂದೆ. ನಿಪ್ಪಾಣಿ ದಾಟಿ ಏರು ಸಿಕ್ಕಾಗ ಐದನೇ ಗೇರಿನಲ್ಲಿ ಆಕ್ಸಲರೇಟರ್ ಒತ್ತಿದರೆ ಆರ್‌ಪಿಎಂ ಏರುತ್ತೆ, ಗಾಡಿ ಏರಲ್ಲ. ಕ್ಲಚ್ ಹೋಗಿತ್ತು. ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು ಅಂತ ಪ್ರತಿಯೊಬ್ಬನೂ ನಾಲ್ಕು ನಾಲ್ಕು ಸಲ ಎಳೆದು ನೋಡಿದ್ದಾನೆ, ಇನ್ನೇನಾಗುತ್ತೆ? ನಮ್ಮ ಗ್ಯಾರೇಜಿನ ಭಾಯ್ ಬಿಚ್ಚಿ ನೋಡಿದಾಗ ಫ್ಲೈವೀಲ್ ಮೇಲೆ ನೀಲಿ ಕಲೆಗಳು, ಒಲೆ ಮೇಲೆ ಮರೆತು ಬಿಟ್ಟ ತವದ ಹಾಗೆ. ಕ್ಲಚ್ ಸೆಟ್ಟು, ಫ್ಲೈವೀಲು, ಕೂಲಿ ಸೇರಿ 75 ಸಾವಿರ. ನಾಲ್ಕು ಟೈರಿಗೆ 32 ಸಾವಿರ.

ಆದರೂ ನನ್ನನ್ನು ಮುಳುಗಿಸಿದ್ದು ಕ್ಲಚ್ ಅಲ್ಲ, ಕಾಗದ. ಗಾಡಿಯನ್ನು ಬೇರೆ ರಾಜ್ಯಕ್ಕೆ ಒಯ್ಯೋಕೆ ಅಲ್ಲಿನ ಆರ್‌ಟಿಒ ಕೊಡೋ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬರೋಕೆ ನಾಲ್ಕು ತಿಂಗಳು. ಯಾಕೆ ಅಂದರೆ ಎನ್‌ಒಸಿಯ ಫಾರ್ಮ್ 28ಕ್ಕೆ, ಮಾಲೀಕತ್ವ ವರ್ಗಾವಣೆಯ ಫಾರ್ಮ್ 29, 30ಕ್ಕೆ ಸಹಿ ಹಾಕಿದ್ದ ಕಂಪನಿ ಅಧಿಕಾರಿಗೆ ವರ್ಗ ಆಗಿತ್ತು, ಅವರ ಅಧಿಕಾರ ಪತ್ರದ ಅವಧಿಯೂ ಮುಗಿದಿತ್ತು. ಸಹಿ ತಾಳೆ ಆಗಲ್ಲ ಅಂತ ವಾಪಸ್ ಬಂತು. ಹೊಸ ಅಧಿಕಾರಿಯ ಸಹಿಗೆ ಪುಣೆಗೆ ಎರಡು ಸಲ ಬಸ್ಸು ಹತ್ತಿದೆ. ಎನ್‌ಒಸಿ ಕೈಗೆ ಬಂದ ಮೇಲೆ ಇಲ್ಲಿನ ಜೀವಾವಧಿ ತೆರಿಗೆ. ಹತ್ತರಿಂದ ಇಪ್ಪತ್ತು ಲಕ್ಷದ ಗಾಡಿಗೆ ನಮ್ಮಲ್ಲಿ ಶೇ 17, ಅದರ ಮೇಲೆ ಸೆಸ್. ಗಾಡಿ ಒಂದು ವರ್ಷದ್ದು ಅಂತ ಕಳೆಯೋದು ಚಿಲ್ಲರೆ ಅಷ್ಟೇ. ಎಲ್ಲಾ ಸೇರಿ ಎರಡೂಕಾಲು ಲಕ್ಷದ ಮೇಲೆ ಕಟ್ಟಿದೆ. ನನ್ನ ಲೆಕ್ಕದ ಪುಸ್ತಕದಲ್ಲಿ ಆ ಸಾಲೇ ಇರಲಿಲ್ಲ! ಓಡಾಟ, ಏಜೆಂಟು ಅಂತ 25 ಸಾವಿರ, ಏಳು ತಿಂಗಳ ಬಡ್ಡಿ ತೊಂಬತ್ತು ಸಾವಿರ. ಕೊನೆಗೆ 12.60ಕ್ಕೆ ಕೊಟ್ಟಾಗ ಎಂಬತ್ತು ಸಾವಿರ ಚಿಲ್ಲರೆ ಕೈಬಿಟ್ಟಿತ್ತು. ಆಗ ಇನ್ನೂ ಜಿಎಸ್‌ಟಿ ನೋಂದಣಿ ಆಗಿರಲಿಲ್ಲ, ಅದೊಂದು ಪುಣ್ಯ. ಮಾವ ಏನೂ ಅನ್ನಲಿಲ್ಲ. ಊಟಕ್ಕೆ ಕೂತಾಗ "ಸಿಪ್ಪೆ ಒಲೆಗಾದ್ರೂ ಆಯ್ತದೆ" ಅಂದರು.

ಎರಡನೇದನ್ನು ಬೇಗ ಮುಗಿಸ್ತೀನಿ. ತೆರಿಗೆ ಗೋಳು ಬೇಡ ಅಂತ ಕೆಎ ನಂಬರಿನದೇ ಹುಡುಕಿದೆ. ಆದರೆ ಅದು ಡಿಸಿಟಿ, ಅಂದರೆ ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಗೇರು, ಅದೂ ಆಯಿಲ್‌ನಲ್ಲಿ ಮುಳುಗಿರದ ಒಣ ಕ್ಲಚ್ಚಿನದು. ಬೆಂಗಳೂರು ಟ್ರಾಫಿಕ್ಕಲ್ಲಿ ತೆವಳಿಸಿ, ಏರ್‌ಪೋರ್ಟ್ ರಸ್ತೆಯಲ್ಲಿ ಹಾರಿಸಿ ಅದರ ಗೇರ್‌ಬಾಕ್ಸ್ ಗಡಗಡ ಅನ್ನುತ್ತಿತ್ತು. ರಿಪೇರಿ ಎಸ್ಟಿಮೇಟ್ ನೋಡಿ ಇದ್ದ ಹಾಗೇ ಇನ್ನೊಬ್ಬ ವ್ಯಾಪಾರಿಗೆ ದೋಷ ಹೇಳಿಯೇ ಕೊಟ್ಟೆ. ನಲವತ್ತು ಸಾವಿರ ಹೋಯಿತು.

ದಾರಿ ಕಂಡಿದ್ದು ಮೂರನೇ ಲಾಟಿನಲ್ಲಿ, ಅದೂ ಆಕಸ್ಮಿಕವಾಗಿ. ಒಂದು ಗಾಡಿಯ ಫೋಟೋ ಫೋನಿಗೆ ಬಂದಿತ್ತು. ನನ್ನ ಮಗ ಪಕ್ಕದಲ್ಲಿ ಕೂತು ಇಣುಕಿ, "ಅಪ್ಪ, ಈ ನಂಬರಿನ ಕಾರನ್ನು ನಾನು ನೋಡಿದ್ದೀನಿ" ಅಂದ. ಅವನಿಗೆ ಕಾರಿನ ವಿಡಿಯೋ ಹುಚ್ಚು. ತೆಗೆದು ತೋರಿಸಿದ. ನಾನು ಬಿಡ್ ಹಾಕಬೇಕೆಂದಿದ್ದ ಅದೇ ಗಾಡಿ, ಅದೇ ನಂಬರ್ ಪ್ಲೇಟು, ಬಾನೆಟ್ ಮುಳುಗೋವಷ್ಟು ನೀರಿನ ಹಳ್ಳದಲ್ಲಿ ಇಳೀತಿದೆ! ಆಚೆ ದಡ ಹತ್ತೋವಾಗ ಮುಂದಿನ ಬಂಪರ್ ಕಲ್ಲಿಗೆ ಬಡಿಯೋ ಸದ್ದೂ ಕೇಳುತ್ತೆ. ಬಿಡ್ ಹಾಕಲಿಲ್ಲ. ಅದನ್ನು ಕೊಂಡವರು ಮೂರೇ ತಿಂಗಳಿಗೆ ಕಾರ್ಪೆಟ್ ಕೆಳಗಿನ ವೈರಿಂಗ್‌ನಲ್ಲಿ ಹಸಿರು ಕಿಲುಬು ಹಿಡಿದಿದೆ ಅಂತ ಗೋಳಾಡಿದರು.

ಅವತ್ತಿನಿಂದ ನನ್ನ ಪದ್ಧತಿಯೇ ಇದು. ಲಾಟಿನ ಪಟ್ಟಿ ಬಂದ ರಾತ್ರಿ ಅಪ್ಪ ಮಗ ಇಬ್ಬರೂ ಕೂತು ಆ ಮಾಡೆಲ್ಲಿನ ವಿಡಿಯೋಗಳನ್ನು ಓಡಿಸ್ತೀವಿ, ನಂಬರ್ ಪ್ಲೇಟು ಹುಡುಕ್ತೀವಿ. ಎಲ್ಲರೂ ಪ್ಲೇಟು ಮಸುಕು ಮಾಡಲ್ಲ. ಒಂದೊಂದು ಗಾಡಿ ಏಳೆಂಟು ವಿಡಿಯೋದಲ್ಲಿ ಸಿಕ್ಕಿದೆ. ಮರಳಲ್ಲಿ ಹೂತಿದ್ದು, ಡ್ರ್ಯಾಗ್ ರೇಸಿಗೆ ಎಳೆದಿದ್ದು, ಇಲ್ಲವೇ ಸಂಭಾವಿತರೊಬ್ಬರು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಚಿಕ್ಕಮಗಳೂರಿಗೆ ಹೋಗಿ ಮೈಲೇಜ್ ನೋಡಿದ್ದು. ಕೊನೇದು ಸಿಕ್ಕರೆ ಬಿಡ್ ಐದು ಸಾವಿರ ಏರಿಸ್ತೀನಿ. ಬೇರೆ ಯಾವ ಸೆಕೆಂಡ್ ಹ್ಯಾಂಡ್ ಗಾಡಿಗೆ ಇಂಥ ಜಾತಕ ಸಿಗುತ್ತೆ ಹೇಳಿ? "ಡಾಕ್ಟರ್ ಓಡಿಸಿದ್ದು, ಮನೆಯಿಂದ ಆಸ್ಪತ್ರೆಗೆ ಅಷ್ಟೇ" ಅನ್ನೋ ಮಾತನ್ನು ನಂಬಿ ನಾವೆಲ್ಲ ಎಷ್ಟು ಗಾಡಿ ಕೊಂಡಿಲ್ಲ?

ಆಮೇಲೆ ಹೋಗಿ ನೋಡೋದು. ಬಣ್ಣದ ದಪ್ಪ ಅಳೆಯೋ ಪೇಂಟ್ ಮೀಟರು, ಗಾಡಿಯ ಕಂಪ್ಯೂಟರ್ ಓದೋ ಸ್ಕ್ಯಾನರು ಎಲ್ಲರ ಹತ್ತಿರವೂ ಇವೆ, ಅದು ಬಿಡಿ. ನಾನು ಮೊದಲು ಸ್ಟೀರಿಯೋ ಆನ್ ಮಾಡಿ, ಅದಕ್ಕೆ ಜೋಡಿಸಿದ ಫೋನುಗಳ ಬ್ಲೂಟೂತ್ ಪಟ್ಟಿ ತೆಗೀತೀನಿ. ಅದು ತುಂಬಿ ತುಳುಕುತ್ತಿದ್ದರೆ ಗಾಡಿ ಕೈಯಿಂದ ಕೈಗೆ ಓಡಾಡಿದೆ ಅಂತ. ಎರಡೋ ಮೂರೋ ಹೆಸರಿದ್ದರೆ ಒಬ್ಬರೇ ಪತ್ರಿಕೆಯವರು ತಿಂಗಳುಗಟ್ಟಲೆ ಇಟ್ಟುಕೊಂಡ ಗಾಡಿ ಇರಬಹುದು, ಅದು ಚಿನ್ನ. ಪಟ್ಟಿ ಪೂರ್ತಿ ಖಾಲಿ ಇದ್ದರೆ ಯಾರೋ ಬುದ್ಧಿವಂತರು ರೀಸೆಟ್ ಮಾಡಿದ್ದಾರೆ, ಎರಡು ಸಲ ನೋಡಬೇಕು. ಗಾಜಿನ ಮೇಲೆ ಕ್ಯಾಮೆರಾ ಅಂಟಿಸಿದ ದುಂಡನೆ ಗುರುತುಗಳಿರ್ತವೆ, ಬಿಸಿಲಿಗೆ ಹಿಡಿದು ನೋಡಿ. ಮುಂದಿನ ಟೈರಿನ ಹೊರ ಅಂಚು ಬೋಳಾಗಿ ಒಳಭಾಗ ಹೊಸದರ ಹಾಗಿದ್ದರೆ ತಿರುವಿನಲ್ಲಿ ಗಾಡಿ ಅಳೋ ಹಾಗೆ ಓಡಿಸಿದ್ದಾರೆ ಅಂತ. ಹಿಂದಿನ ಸೀಟು ಮಾತ್ರ ಹೆಚ್ಚು ಕಡಿಮೆ ಶೋರೂಮ್ ವಾಸನೆ ಹೊಡೀತಿರುತ್ತೆ, ಅಲ್ಲಿ ಕೂತವರೇ ಕಡಿಮೆ. ಗೇರ್‌ಬಾಕ್ಸನ್ನು ತಣ್ಣಗಿದ್ದಾಗ ಕೇಳಿಸಿಕೊಳ್ಳೋ ಒಂದು ರೀತಿ ಇದೆ, ಭಾಯ್ ಹೇಳಿಕೊಟ್ಟಿದ್ದು. ಅವರ ಅಪ್ಪಣೆ ಇಲ್ಲದೆ ಬರೆಯೋ ಹಾಗಿಲ್ಲ.

ಜನ ಮರೆಯೋ ವಿಷಯ ಒಂದಿದೆ. ಈ ಗಾಡಿಗಳನ್ನು ಹಿಂಡ್ತಾರೆ ನಿಜ, ಆದರೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗೋವಾಗ ತೊಳೆದು, ಗಾಳಿ ನೋಡಿ, ಅಲೈನ್‌ಮೆಂಟ್ ಮಾಡಿಸಿ, ಸಣ್ಣ ಕಟಕಟ ಸದ್ದಿದ್ದರೂ ಸರಿ ಮಾಡಿಸಿ ಕೊಡ್ತಾರೆ. "ಡ್ಯಾಶ್‌ಬೋರ್ಡ್ ಸದ್ದು ಮಾಡುತ್ತೆ" ಅಂತ ಬರೆದುಬಿಟ್ಟರೆ ಕಂಪನಿಗೆ ನಷ್ಟ. ನಮ್ಮ ಜನ ವಾರಂಟಿಯಲ್ಲಿರೋ ಗಾಡಿಗೂ ಅಷ್ಟು ಮಾಡಿಸಲ್ಲ. ಸವೆಯೋದು ಟೈರು, ಬ್ರೇಕು, ಕ್ಲಚ್ಚು. ಅದಕ್ಕೇ ಈಗ ನಾನು ಮುಟ್ಟೋದು ಕ್ಲಚ್ ಜಾಗದಲ್ಲಿ ಆಯಿಲ್ ಕೆಲಸ ಮಾಡೋ ಟಾರ್ಕ್ ಕನ್ವರ್ಟರ್ ಆಟೋಮ್ಯಾಟಿಕ್ ಇಲ್ಲವೇ ಹೈಬ್ರಿಡ್, ಸಾಧ್ಯವಾದಷ್ಟೂ ಕೆಎ ನಂಬರು. ಹೆಚ್ಚಿನ ಕಂಪನಿಗಳ ಕಚೇರಿ ಗುರುಗ್ರಾಮ, ಮುಂಬೈ, ಪುಣೆ, ಚೆನ್ನೈ ಕಡೆ ಇರೋದರಿಂದ ಕೆಎ ನಂಬರು ಸಿಗೋದು ಕಷ್ಟ, ಸಿಕ್ಕಾಗ ಬಿಡಬಾರದು.

ಲೆಕ್ಕ ಒಂದು ಹೇಳ್ತೀನಿ, ನೆನಪಿನಿಂದ. ಕಳೆದ ವರ್ಷದ ಆಟೋಮ್ಯಾಟಿಕ್ ಎಸ್‌ಯುವಿ, 17 ಲಕ್ಷ ಆನ್ ರೋಡ್, ನನಗೆ 10.60ಕ್ಕೆ. ಟೈರು, ಮುಂದಿನ ಡಿಸ್ಕು, ಪ್ಯಾಡು, ಪಾಲಿಶ್ ಎಲ್ಲಾ ಸೇರಿ 62 ಸಾವಿರ. ವರ್ಗಾವಣೆ ಕಾಗದಕ್ಕೆ ಎಂಟು ಸಾವಿರ. ಮಾರಿದ್ದು 12.75. ಕೊಂಡ ಮತ್ತು ಮಾರಿದ ಬೆಲೆಯ ಅಂತರದ ಮೇಲೆ ಶೇ 18 ಜಿಎಸ್‌ಟಿ, ಅದು 33 ಸಾವಿರದ ಹತ್ತಿರ. ರಿಪೇರಿ ಖರ್ಚನ್ನು ಆ ಅಂತರದಲ್ಲಿ ಕಳೆಯೋಕೆ ಬಿಡಲ್ಲ, ಹೊಸಬರು ಇಲ್ಲೇ ಎಡವೋದು. ಉಳಿದದ್ದು ಒಂದು ಲಕ್ಷ ಹತ್ತು ಹನ್ನೆರಡು ಸಾವಿರ, ಅದೂ 26 ದಿನದಲ್ಲಿ. ಗಿರಾಕಿಗೆ ಮೀಡಿಯಾ ಗಾಡಿ ಅಂತ ಮೊದಲೇ ಹೇಳ್ತೀನಿ, ವಿಡಿಯೋನೂ ತೋರಿಸ್ತೀನಿ. ಒಬ್ಬರು ತಮ್ಮ ಕಾರು ಟಿವಿಯಲ್ಲಿ ಬಂದಿತ್ತು ಅಂತ ಮದುವೆ ಮನೆಯಲ್ಲೆಲ್ಲ ಹೇಳಿಕೊಂಡು ಬಂದರು.

ನಡುವೆ ನಂದೊಂದು ಹುಚ್ಚು. ಮೀಡಿಯಾ ಗಾಡಿಯ ಎಂಜಿನ್ ಆಯಿಲ್ ಸಾಮಾನ್ಯ ಗಾಡಿಗಿಂತ ಕೆಟ್ಟಿರುತ್ತೋ ಅಂತ ಪ್ರತಿ ಗಾಡಿಯಿಂದ ಒಂದೊಂದು ಹನಿ ತೆಗೆದು ಹಳೇ ದಿನಪತ್ರಿಕೆ ಮೇಲೆ ಬಿಟ್ಟು, ಕಿಲೋಮೀಟರ್ ಬರೆದು ಗೋಡೆಗೆ ಅಂಟಿಸಿದೆ. ಪಕ್ಕದಲ್ಲಿ ಮನೆಮಂದಿ ಓಡಿಸಿದ ಗಾಡಿಗಳ ಹನಿ. ಆರು ತಿಂಗಳಾದ ಮೇಲೆ ನೋಡಿದರೆ ಕಪ್ಪಗಿನ ಹನಿಗಳೆಲ್ಲ ಮನೆಮಂದಿಯವು. ದಿನಾ ಎರಡು ಕಿಲೋಮೀಟರ್ ಮಗು ಬಿಟ್ಟು ಬರೋ ಗಾಡಿ ಯಾವತ್ತೂ ಸರಿಯಾಗಿ ಬಿಸಿಯಾಗಲ್ಲ, ಆಯಿಲ್ ಬೇಗ ಕೆಡುತ್ತೆ. ಆ ಪತ್ರಿಕೆಯನ್ನು ಆಯುಧಪೂಜೆಗೆ ಶೆಡ್ ತೊಳೆಯೋವಾಗ ಹುಡುಗರು ಕಿತ್ತು ಬಿಸಾಕಿದರು.

ಇನ್ನೊಂದು ಪ್ರಯೋಗ 2024ರ ಇವಿ. ಎಂಎಚ್ ನಂಬರು, ಆದರೂ ಧೈರ್ಯವಾಗಿ ತಂದೆ. 25 ಲಕ್ಷದೊಳಗಿನ ಇವಿಗೆ ಆಗ ನಮ್ಮಲ್ಲಿ ಜೀವಾವಧಿ ತೆರಿಗೆ ಇರಲಿಲ್ಲವಲ್ಲ! ನನ್ನನ್ನು ಮುಳುಗಿಸಿದ್ದ ಬಾವಿಗೆ ಮುಚ್ಚಳ ಹಾಕಿದ ಹಾಗಾಯಿತು. ಮೀಡಿಯಾದವರು ಹೆಚ್ಚಾಗಿ ಫಾಸ್ಟ್ ಚಾರ್ಜ್ ಮಾಡೋದು, ಬ್ಯಾಟರಿ ಸತ್ತಿರುತ್ತೆ ಅಂತ ಹೆದರಿಸಿದ್ದರು. ಸ್ಕ್ಯಾನರ್ ಹಾಕಿದರೆ ಆರೋಗ್ಯ ಶೇ 96 ತೋರಿಸಿತು. ಒಂದೇ ಗಾಡಿಯ ಅನುಭವ, ಪಂಚಾಂಗ ಅಂತ ಹಿಡಿದುಕೊಳ್ಳಬೇಡಿ.

2025ರ ಆಗಸ್ಟ್ ಸೆಪ್ಟೆಂಬರ್ ನನಗೆ ಒಂದು ಕೈಯಲ್ಲಿ ಬೆಲ್ಲ ಕೊಟ್ಟು ಇನ್ನೊಂದು ಕೈಯಲ್ಲಿ ಬಾರಿಸಿದ ಕಾಲ. ಆಗ ಕೈಯಲ್ಲಿದ್ದ ಮೀಡಿಯಾ ಗಾಡಿ ಮೇಲೆ ಹನ್ನೊಂದು ಚಲನ್ ಬಾಕಿ ಇದ್ದವು, ಹೆಚ್ಚು ಕಡಿಮೆ ಎಲ್ಲವೂ ಬೆಂಗಳೂರು ಮೈಸೂರು ಹೈವೇ ಕ್ಯಾಮೆರಾದಲ್ಲಿ ಅತಿವೇಗಕ್ಕೆ ಸಿಕ್ಕಿದ್ದು. ಯಾರೋ ಎಳೆದ ವೇಗಕ್ಕೆ ದಂಡ ಕಟ್ಟೋನು ನಾನು. ಅಷ್ಟರಲ್ಲಿ ಸರ್ಕಾರ ಅರ್ಧ ದಂಡ ಮಾಫಿ ಅಂತ ಬಿಟ್ಟಿತು, ಹನ್ನೊಂದು ಸಾವಿರದ ಜಾಗದಲ್ಲಿ ಐದೂವರೆ ಕಟ್ಟಿದೆ. ಬಾರಿಸಿದ್ದು ಡೆಮೋ ಗಾಡಿಗಳು. ಮೀಡಿಯಾ ಲಾಟ್ ಇಲ್ಲದ ತಿಂಗಳಲ್ಲಿ ಡೀಲರ್ ಹತ್ತಿರದ ಟೆಸ್ಟ್ ಡ್ರೈವ್ ಗಾಡಿಗಳನ್ನೂ ಎತ್ತುತ್ತೇನೆ. ಜುಲೈನಲ್ಲಿ ಎರಡು ಸಣ್ಣ ಪೆಟ್ರೋಲ್ ಎಸ್‌ಯುವಿ, ತಲಾ 8.40ಕ್ಕೆ. ಆಗಸ್ಟ್ 15ಕ್ಕೆ ಕೆಂಪುಕೋಟೆಯಿಂದ ಜಿಎಸ್‌ಟಿ ಇಳಿಸೋ ಮಾತು ಬಂತು, ಗಿರಾಕಿಗಳ ಫೋನು ನಿಂತೇ ಹೋಯಿತು. ಸೆಪ್ಟೆಂಬರ್ 22ರಿಂದ ಸಣ್ಣ ಕಾರಿಗೆ ಶೇ 18. ಹೊಸ ಗಾಡಿಯೇ ಮುಕ್ಕಾಲರಿಂದ ಒಂದು ಲಕ್ಷ ಇಳಿದ ಮೇಲೆ ನನ್ನ ಹಳೇದನ್ನು ಕೇಳೋರು ಯಾರು? ಎರಡನ್ನೂ 7.90ರ ಆಸುಪಾಸು ದಾಟಿಸಿದೆ.

ಈಗ ಲಾಟ್ ಬಂದರೆ ಗಾಡಿ ನೋಡೋ ಮುಂಚೆ ಕಾಗದ ಕೇಳ್ತೀನಿ. ಸಹಿ ಹಾಕೋ ಅಧಿಕಾರಿಯ ಅಧಿಕಾರ ಪತ್ರ, ಅದರ ಕೊನೇ ದಿನಾಂಕ, ಕಂಪನಿ ಪ್ಯಾನು, ಮೂಲ ಇನ್‌ವಾಯ್ಸು, ಚಲನ್ ಪಟ್ಟಿ. ಫಾರ್ಮ್‌ಗಳ ಎರಡೆರಡು ಸೆಟ್ಟಿಗೆ ನನ್ನ ಕಣ್ಣೆದುರೇ ಸಹಿ ಹಾಕಿಸಿಕೊಳ್ತೀನಿ, ಸೀಲು ಅಕ್ಷರ ಓದೋ ಹಾಗೆ ಬಿದ್ದಿರಬೇಕು. ಹಳೇ ಫಾಸ್ಟ್ಯಾಗ್ ಮುಚ್ಚಿಸದೆ ಗೇಟು ದಾಟಿಸಲ್ಲ, ಒಮ್ಮೆ ನನ್ನ ಗಿರಾಕಿ ಧರ್ಮಸ್ಥಳಕ್ಕೆ ಹೋಗಿ ಬಂದ ಟೋಲ್ ಕಂಪನಿ ಖಾತೆಯಿಂದ ಕಡಿತವಾಗಿ ಅಲ್ಲಿಂದ ನನಗೆ ಫೋನ್ ಬಂದಿತ್ತು.

ಮೊನ್ನೆ ಬಂದ ಹೈಬ್ರಿಡ್ ಶೆಡ್ಡಲ್ಲಿ ನಿಂತಿದೆ. ಬ್ಲೂಟೂತ್ ಪಟ್ಟಿಯಲ್ಲಿ ಎರಡೇ ಹೆಸರು. ಮಾವ ಸಂಜೆ ಬಂದು ಸುತ್ತು ಹಾಕಿ, ಹಿಂದಿನ ಬಾಗಿಲು ತೆಗೆದು ಸೀಟು ಒತ್ತಿ ನೋಡಿ, ಏನೂ ಅನ್ನದೆ ಟೀಗೆ ಹೋದರು.