ಬೇಸಿಗೆಯ ಊಟಕ್ಕೆ ಎಳೆಯ ವೈನ್: ಪೋರ್ಚುಗಲ್‌ನಲ್ಲಿ ಬಾಟಲಿ ಆರಿಸುವುದು ಹೇಗೆ?

ಜೂನ್ 12ರ ರಾತ್ರಿ ಲಿಸ್ಬನ್‌ನ ಅಲ್ಫಾಮಾ ಓಣಿಗಳಲ್ಲಿ ಸುತ್ತಾಡಿದರೆ ಬಟ್ಟೆಗೆಲ್ಲ ಹೊಗೆ ವಾಸನೆ ಹತ್ತುತ್ತದೆ. ಅದು ಸಂತ ಆಂಟನಿ ಹಬ್ಬದ ಹಿಂದಿನ ರಾತ್ರಿ. ಮನೆ ಬಾಗಿಲಲ್ಲೇ ಇದ್ದಿಲ ಒಲೆ ಇಟ್ಟು ಸಾರ್ಡಿನ್ ಮೀನು ಸುಡುತ್ತಾರೆ. ನಮ್ಮ ಮಂಗಳೂರಿನ ಬೂತಾಯಿಗೆ ಇದು ನೆಂಟ. ಕಲ್ಲುಪ್ಪು ಬಿಟ್ಟರೆ ಬೇರೆ ಮಸಾಲೆ ಇಲ್ಲ. ಸುಟ್ಟ ಮೀನನ್ನು ದಪ್ಪ ಬ್ರೆಡ್ ತುಂಡಿನ ಮೇಲೆ ಇಡುತ್ತಾರೆ. ಅದರ ಎಣ್ಣೆಯೆಲ್ಲ ಬ್ರೆಡ್ಡಿಗೆ ಇಳಿಯುತ್ತದೆ. ಮೀನು ಮುಗಿದ ಮೇಲೆ ಆ ಬ್ರೆಡ್ ತಿನ್ನಬೇಕು. ನನಗಂತೂ ಮೀನಿಗಿಂತ ಅದೇ ಇಷ್ಟ.

ಇಷ್ಟು ಎಣ್ಣೆ, ಇಷ್ಟು ಹೊಗೆ, ಮೇಲೆ ಸೆಖೆ ಬೇರೆ. ಇಂಥ ಊಟದ ಜೊತೆ ಯಾವ ವೈನ್ ಇಡಬೇಕು? ಲಿಸ್ಬನ್‌ಗೆ ಬಂದ ಹೊಸತರಲ್ಲಿ ನಾನು ಬೆಲೆ ನೋಡಿ, ಚೆಂದದ ಲೇಬಲ್ ನೋಡಿ ಬಾಟಲಿ ತರುತ್ತಿದ್ದೆ. ಈಗ ಹಾಗೆ ಮಾಡುವುದಿಲ್ಲ. ಈಗ ನೋಡುವುದು ಮುಖ್ಯವಾಗಿ ಎರಡೇ: ವೈನ್ ಎಷ್ಟು ಎಳೆಯದು, ಅದರಲ್ಲಿ ಎಷ್ಟು ಹುಳಿ ಇದೆ.

ಮೊದಲು ಅಡುಗೆ ಗೊತ್ತು ಮಾಡಿಕೊಳ್ಳಿ

ವೈನ್ ಅಂಗಡಿಗೆ ಹೋಗುವ ಮೊದಲು ಊಟಕ್ಕೆ ಏನು ಮಾಡುತ್ತೀರಿ ಅಂತ ನಿರ್ಧರಿಸಿ. ನಮ್ಮ ನಾಲಿಗೆಗೆ ಈ ಲೆಕ್ಕ ಹೊಸದೇನಲ್ಲ. ಕರಿದ ಮೀನಿಗೆ ನಿಂಬೆ ಹಿಂಡುತ್ತೇವೆ ಅಲ್ವಾ? ಎಣ್ಣೆಯ ಜಿಡ್ಡನ್ನು ಹುಳಿ ಕತ್ತರಿಸುತ್ತದೆ. ಹುಳಿ ಇರುವ ಬಿಳಿ ವೈನ್ ಮಾಡುವುದೂ ಅದನ್ನೇ.

ಕೆಂಪು ವೈನ್‌ನಲ್ಲಿ ಇನ್ನೊಂದು ರುಚಿ ಇರುತ್ತದೆ: ಒಗರು. ಅಡಿಕೆ ಅಗಿದಾಗ, ಬಾಳೆಕಾಯಿ ಕಚ್ಚಿದಾಗ ಬಾಯಿ ಹಿಡಿದಂತಾಗುತ್ತದಲ್ಲ, ಅದೇ. ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಿಂದ ಅದು ಬರುತ್ತದೆ. ಒಗರು ಜಾಸ್ತಿ ಇರುವ ವೈನ್ ಜೊತೆ ಎಣ್ಣೆ ಮೀನು ತಿಂದರೆ ಬಾಯಲ್ಲಿ ತಗಡು ನೆಕ್ಕಿದ ಹಾಗಾಗುತ್ತದೆ. ಹಾಗಾಗಿ ಸಾರ್ಡಿನ್ ಇದ್ದ ದಿನ ಗಡುಸು ಕೆಂಪು ವೈನ್ ಬೇಡ.

ಖಾರದ ಊಟಕ್ಕೆ ಬೇರೆ ಲೆಕ್ಕ. ಇಲ್ಲಿ ಪಿರಿ ಪಿರಿ ಮೆಣಸಿನ ಎಣ್ಣೆ ಸವರಿದ ಸುಟ್ಟ ಕೋಳಿ ಎಲ್ಲರಿಗೂ ಪ್ರಿಯ. ಆಲ್ಕೋಹಾಲ್ ಹೆಚ್ಚಿದ್ದಷ್ಟೂ ಖಾರ ಇನ್ನೂ ಚುರುಕಾಗುತ್ತದೆ. ಹಾಗಾಗಿ ಆಲ್ಕೋಹಾಲ್ ಕಡಿಮೆ ಇರುವ, ಒಂಚೂರು ಸಿಹಿ ಇರುವ ಬಾಟಲಿ ಹುಡುಕಿ. ನಾವು ಮನೆಯಲ್ಲಿ ಮೆಣಸಿನಕಾಯಿ ಬಜ್ಜಿ ಮಾಡಿದಾಗಲೂ ಇದೇ ಉಪಾಯ.

ಹಸಿರು ವೈನ್ ಅಂದರೆ ಹಸಿ ವೈನ್

ಬೇಸಿಗೆಗೆ ಒಂದೇ ಒಂದು ಹೆಸರು ಹೇಳಿ ಅಂದರೆ ನಾನು ಹೇಳುವುದು ವಿನ್ಯು ವೆರ್ದ್. ಪದಕ್ಕೆ ಪದ ಇಟ್ಟರೆ 'ಹಸಿರು ವೈನ್'. ಆದರೆ ಲೋಟಕ್ಕೆ ಸುರಿದರೆ ಹಸಿರು ಬಣ್ಣ ಕಾಣುವುದಿಲ್ಲ. ಇದರಲ್ಲಿ ಬಿಳಿ, ಗುಲಾಬಿ, ಕೆಂಪು ಎಲ್ಲವೂ ಉಂಟು. ಇಲ್ಲಿಯ ಹಸಿರು ಅಂದರೆ ನಾವು ಹಸಿ ಶುಂಠಿ, ಎಳನೀರು ಅನ್ನುತ್ತೇವಲ್ಲ, ಆ ಅರ್ಥ. ಎಳೆಯದು, ಬೇಗ ಕುಡಿದು ಮುಗಿಸಬೇಕಾದದ್ದು.

ಇದು ಬರುವುದು ದೇಶದ ವಾಯವ್ಯ ಮೂಲೆಯ ಮೀನ್ಯು ಸೀಮೆಯಿಂದ. ಅಟ್ಲಾಂಟಿಕ್ ಪಕ್ಕದ ಜಾಗ, ಮಳೆ ಚೆನ್ನಾಗಿ ಬೀಳುತ್ತದೆ, ನೆಲ ಗ್ರಾನೈಟ್ ಕಲ್ಲಿನದು. ತಂಪು ಹವೆಯಿಂದಾಗಿ ದ್ರಾಕ್ಷಿಯಲ್ಲಿ ಹುಳಿ ಉಳಿಯುತ್ತದೆ. ಈ ಸೀಮೆಯ ಗಡಿಯನ್ನು 1908ರಲ್ಲೇ ಗುರುತು ಮಾಡಿದರು. ಅಲ್ಲಿ ಹಿಂದೆ ದ್ರಾಕ್ಷಿ ಬಳ್ಳಿಯನ್ನು ಮರಗಳ ಮೇಲೆ ಹಬ್ಬಿಸುತ್ತಿದ್ದರು, ಇಲ್ಲವೇ ಎತ್ತರದ ಚಪ್ಪರಕ್ಕೆ ಬಿಡುತ್ತಿದ್ದರು. ಕೆಳಗಿನ ಜಾಗದಲ್ಲಿ ಕಾಯಿಪಲ್ಲೆ ಬೆಳೆ. ಈಗಲೂ ಅಲ್ಲಲ್ಲಿ ಅಂಥ ಚಪ್ಪರ ಸಿಗುತ್ತವೆ. ಮೊದಲ ಸಲ ನೋಡಿದಾಗ ನನಗೆ ಮಲೆನಾಡಿನ ಅಡಿಕೆ ತೋಟ, ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿ ನೆನಪಾಗಿ ಕಣ್ಣು ತುಂಬಿತು.

ಮಾಮೂಲಿ ವಿನ್ಯು ವೆರ್ದ್‌ನಲ್ಲಿ ನಾಲಿಗೆ ತುದಿಗೆ ಚುರ್ ಅನ್ನುವಷ್ಟು ಸಣ್ಣ ಗುಳ್ಳೆಗಳಿರುತ್ತವೆ. ಹಿಂದೆ ಅವು ಬಾಟಲಿಯೊಳಗೆ ತಾವೇ ಹುಟ್ಟುತ್ತಿದ್ದವು. ಈಗ ಹೆಚ್ಚಾಗಿ ಬಾಟಲಿ ತುಂಬುವಾಗ ಸ್ವಲ್ಪ ಗ್ಯಾಸ್ ಸೇರಿಸುತ್ತಾರೆ. ಅದರಲ್ಲೇನೂ ತಪ್ಪಿಲ್ಲ, ಸುಟ್ಟ ಮೀನಿಗೆ ಚೆನ್ನಾಗಿಯೇ ಹೊಂದುತ್ತದೆ. ಸ್ಪೇನ್ ಗಡಿಯ ಮೊನ್ಸಾಂವ್ ಮತ್ತು ಮೆಲ್ಗಾಸು ಊರುಗಳ ಅಲ್ವರೀನ್ಯು ದ್ರಾಕ್ಷಿಯದು ಮಾತ್ರ ತೂಕದ ವೈನ್. ಅದರಲ್ಲಿ ಆಲ್ಕೋಹಾಲ್ ಹೆಚ್ಚು, ಬೆಲೆಯೂ ಹೆಚ್ಚು. ಅದು ಕೆಲವು ವರ್ಷ ಕೆಡದೆ ಇರುತ್ತದೆ. ಸಿಗಡಿ, ಏಡಿ ಇದ್ದ ದಿನ ಅದನ್ನು ತನ್ನಿ.

ಲೇಬಲ್ಲಿನಲ್ಲಿ ಏನು ಓದಬೇಕು?

ಮೊದಲು ವರ್ಷ. ಒಮ್ಮೆ ಒಂದು ಅಂಗಡಿಯಲ್ಲಿ ಅರ್ಧ ಬೆಲೆಗೆ ಸಿಗುತ್ತಿದೆ ಅಂತ ಮಾಮೂಲಿ ವಿನ್ಯು ವೆರ್ದ್‌ನ ಆರು ಬಾಟಲಿ ತಂದೆ. ಗೆಳೆಯರೆಲ್ಲ ಬಂದಿದ್ದರು. ಸುರಿದು ನೋಡಿದರೆ ಬಣ್ಣ ಹಳದಿಗೆ ತಿರುಗಿತ್ತು, ಗುಳ್ಳೆಯೇ ಇಲ್ಲ. ರುಚಿಯಂತೂ ಕೊಯ್ದಿಟ್ಟು ಮರೆತ ಸೇಬಿನ ಹಾಗೆ. ಆಮೇಲೆ ಲೇಬಲ್ ನೋಡಿದೆ. ನಾಲ್ಕು ವರ್ಷ ಹಳೆಯದು! ಹಾಗಾಗಿ ಕಳೆದ ವರ್ಷದ ಕೊಯ್ಲಿನದನ್ನೇ ಕೊಳ್ಳಿ. ಕೆಲವು ಬಾಟಲಿಗಳ ಮೇಲೆ ವರ್ಷವೇ ಇರುವುದಿಲ್ಲ. ಅಂಥವನ್ನು ಮಾಲು ಬೇಗ ಖರ್ಚಾಗುವ ಅಂಗಡಿಯಲ್ಲಿ ಕೊಂಡರೆ ಒಳ್ಳೆಯದು.

ಎರಡನೆಯದು ಆಲ್ಕೋಹಾಲ್ ಅಂಕಿ. ಮಧ್ಯಾಹ್ನದ ಬಿಸಿಲಲ್ಲಿ ಕೂತು ಕುಡಿಯುವುದಾದರೆ 9ರಿಂದ 11.5 ಶೇಕಡಾ ಸಾಕು. 14 ದಾಟಿದ್ದನ್ನು ರಾತ್ರಿ ಊಟಕ್ಕೆ ಬಿಡಿ.

ಮೂರನೆಯದು ನಾಲ್ಕೈದು ಪದ. 'ಬ್ರಾಂಕು' ಅಂದರೆ ಬಿಳಿ, 'ತಿಂಟು' ಅಂದರೆ ಕೆಂಪು. 'ಸೇಕು' ಇದ್ದರೆ ಸಿಹಿ ಇಲ್ಲ, 'ಮೇಯು ಸೇಕು' ಇದ್ದರೆ ಸ್ವಲ್ಪ ಸಿಹಿ. 'ಕಿಂಟಾ' ಅಂದರೆ ತೋಟ.

ನಮ್ಮ ಕೂಟಗಳಲ್ಲಿ ಸಸ್ಯಾಹಾರಿಗಳು ಇದ್ದೇ ಇರುತ್ತಾರೆ. ಕೆಲವು ವೈನ್‌ಗಳನ್ನು ತಿಳಿ ಮಾಡಲು ಮೊಟ್ಟೆಯ ಬಿಳಿ ಅಥವಾ ಮೀನಿನ ಅಂಟು ಬಳಸುತ್ತಾರೆ. ಬೇಡ ಅನ್ನುವವರಿಗಾಗಿ 'ವೀಗನ್' ಎಂದು ಬರೆದ ಬಾಟಲಿ ಆರಿಸಿ, ಅವರಿಗೆ ಮೊದಲೇ ತಿಳಿಸಿ.

ಬೇರೆ ಸೀಮೆಗಳೂ ಇವೆ

ಲಿಸ್ಬನ್ ಪಕ್ಕದ ಬುಸೆಲಾಷ್‌ನಲ್ಲಿ ಅರಿಂಟು ಅನ್ನುವ ದ್ರಾಕ್ಷಿ ಬೆಳೆಯುತ್ತಾರೆ. ನಿಂಬೆಯಂಥ ಹುಳಿ. ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪು ಹಾಕಿ ಬೇಯಿಸಿದ ಚಿಪ್ಪುಮೀನಿಗೆ ಇದಕ್ಕಿಂತ ಒಳ್ಳೆಯ ಜೊತೆ ನನಗೆ ಗೊತ್ತಿಲ್ಲ. (ಯುರೋಪಿನ ಅಡುಗೆಯಲ್ಲಿ ಕೊತ್ತಂಬರಿ ಸೊಪ್ಪನ್ನು ಇಷ್ಟು ಧಾರಾಳವಾಗಿ ಬಳಸುವವರು ಅಪರೂಪ. ನಮ್ಮವರು ಇಲ್ಲಿ ಬೇಗ ಒಗ್ಗಿಕೊಳ್ಳುವುದಕ್ಕೆ ಅದೂ ಒಂದು ಕಾರಣ.) ಬೈರ್ರಾದ ಸೀಮೆಯ ಗುಳ್ಳೆ ವೈನ್ ಕೊಬ್ಬಿನ ಊಟಕ್ಕೆ ಹೇಳಿ ಮಾಡಿಸಿದ್ದು. ಅಲ್ಲಿಯವರು ಸುಟ್ಟ ಎಳೆ ಹಂದಿ ಮಾಂಸದ ಜೊತೆ ಅದನ್ನೇ ಕುಡಿಯುತ್ತಾರೆ.

ಕೆಂಪೇ ಬೇಕು ಅನ್ನುವವರಿಗೆ ದಾಂವ್ ಸೀಮೆಯ ಜಾಯೆನ್ ದ್ರಾಕ್ಷಿಯದು ಕೊಡಿ, ಒಗರು ಕಡಿಮೆ. ಕೊಡುವ ಮುಂಚೆ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಕೆಂಪು ವೈನ್ ತಣ್ಣಗೆ ಮಾಡಬಾರದು ಅನ್ನುವ ಮಾತು ಬೇಸಿಗೆಗೆ ಹೊಂದುವುದಿಲ್ಲ. 35 ಡಿಗ್ರಿ ಬಿಸಿಲಲ್ಲಿ ಬೆಚ್ಚಗಿನ ಕೆಂಪು ವೈನ್ ಕುಡಿಯಲು ಆಗುತ್ತದೆಯೇ? 14ರಿಂದ 16 ಡಿಗ್ರಿಯಲ್ಲಿದ್ದರೆ ಸರಿ.

ತಣ್ಣಗೆ ಮಾಡುವುದು

ಬಿಳಿ ವೈನ್ 8ರಿಂದ 10 ಡಿಗ್ರಿ ಇರಬೇಕು. ನೆಂಟರು ಬಾಗಿಲಿಗೆ ಬಂದಾಗಿದೆ, ಬಾಟಲಿ ಇನ್ನೂ ಬೆಚ್ಚಗಿದೆ ಅಂದರೆ ಗಾಬರಿ ಬೇಡ. ಬಕೆಟ್ಟಿಗೆ ಅರ್ಧ ಐಸ್, ಅರ್ಧ ನೀರು, ಎರಡು ಹಿಡಿ ಉಪ್ಪು ಹಾಕಿ. ಬರೀ ಐಸ್ ಹಾಕಿದರೆ ನಡುನಡುವೆ ಗಾಳಿ ಉಳಿದು ನಿಧಾನವಾಗುತ್ತದೆ. ನೀರಿದ್ದರೆ ಬಾಟಲಿಗೆ ಸುತ್ತಲೂ ತಂಪು ತಾಗುತ್ತದೆ. ಉಪ್ಪು ಬಿದ್ದರೆ ನೀರು ಸೊನ್ನೆಗಿಂತ ಕೆಳಗೆ ತಣ್ಣಗಾಗುತ್ತದೆ. ಕತ್ತಿನವರೆಗೂ ಮುಳುಗಿಸಿ, ಆಗಾಗ ತಿರುಗಿಸಿ. 15-20 ನಿಮಿಷ ಸಾಕು.

750 ಎಂಎಲ್ ಬಾಟಲಿಯಲ್ಲಿ ಐದು ಲೋಟ ಆಗುತ್ತದೆ. ಎಂಟು ಜನರಿಗೆ ತಲಾ ಎರಡು ಲೋಟದ ಲೆಕ್ಕದಲ್ಲಿ ನಾಲ್ಕು ಬಾಟಲಿ ತನ್ನಿ. ಅಷ್ಟೇ ನೀರಿನ ಬಾಟಲಿಯೂ ಮೇಜಿನ ಮೇಲಿರಲಿ. ಕಾರು ಓಡಿಸುವವರಿಗೆ ಬಲವಂತ ಮಾಡಬೇಡಿ.

ಊಟಕ್ಕೆ ಮುಂಚೆ, ಊಟ ಆದ ಮೇಲೆ

ಅಡುಗೆ ಆಗುವವರೆಗೆ ಬಿಳಿ ಪೋರ್ಟ್ ವೈನ್ ಮತ್ತು ಟಾನಿಕ್ (ಔಷಧಿಯಲ್ಲ, ಕಹಿ ಸೋಡಾ) ಕೊಡಬಹುದು. ದೊಡ್ಡ ಲೋಟದ ತುಂಬ ಐಸ್, ಒಂದು ಪಾಲು ಪೋರ್ಟ್, ಎರಡು ಪಾಲು ಟಾನಿಕ್, ಒಂದು ಕಿತ್ತಳೆ ಬಿಲ್ಲೆ, ನಾಲ್ಕು ಪುದೀನ ಎಲೆ. ಪೋರ್ಟ್ ಸುಮಾರು 20 ಶೇಕಡಾ ಆಲ್ಕೋಹಾಲ್ ಇರುವ ವೈನ್, ಹಾಗಾಗಿ ಅಳತೆ ಬಿಡಬೇಡಿ.

ಊಟ ಮುಗಿದ ಮೇಲೆ ಹಣ್ಣಿನ ಜೊತೆ ಸೆತೂಬಲ್‌ನ ಮೋಸ್ಕಟೆಲ್ ಅನ್ನುವ ಸಿಹಿ ವೈನ್ ಚೆನ್ನ. ನನ್ನ ಮನಸ್ಸು ಮಾತ್ರ ಮದೇರ ದ್ವೀಪದ ವೈನ್ ಕಡೆಗೆ. ಅಟ್ಲಾಂಟಿಕ್ ನಡುವಿನ ಆ ದ್ವೀಪದಿಂದ ಹಿಂದೆ ಪೀಪಾಯಿಗಳು ಹಡಗಿನಲ್ಲಿ ಭೂಮಧ್ಯರೇಖೆ ದಾಟಿ ಹೋಗುತ್ತಿದ್ದವು. ಅಷ್ಟು ಸೆಖೆ ತಿಂದ ವೈನ್ ಕೆಡುವ ಬದಲು ಇನ್ನಷ್ಟು ರುಚಿಯಾಗಿತ್ತು. ಅಂದಿನಿಂದ ಅದನ್ನು ಬೇಕೆಂದೇ ಬಿಸಿಯಲ್ಲಿಟ್ಟು ಮಾಗಿಸುತ್ತಾರೆ. ಉಳಿದ ವಿನ್ಯು ವೆರ್ದ್‌ಗೆ ಬಿರಡೆ ಹಾಕಿ ಫ್ರಿಜ್‌ನಲ್ಲಿಟ್ಟು ಎರಡು ದಿನದಲ್ಲಿ ಮುಗಿಸಬೇಕು. ಮದೇರಕ್ಕೆ ಆ ಅವಸರವಿಲ್ಲ. ಇವತ್ತು ಬಿರಡೆ ತೆಗೆದ ಬಾಟಲಿ ಬೇಸಿಗೆ ಕಳೆದು ಅಕ್ಟೋಬರ್ ಮಳೆ ಹಿಡಿದ ಮೇಲೂ ಕಪಾಟಿನಲ್ಲಿ ಹಾಗೇ ಇರುತ್ತದೆ.