ಬ್ಲ್ಯಾಕ್‌ಬೆರಿ ಸ್ಮೋಕ್‌ನ ‘ಬಿ ರೈಟ್ ಹಿಯರ್’: ಮೊದಲ ಸಲ ಕೇಳುವವರಿಗೆ

ಈ ಆಲ್ಬಂ ಅನ್ನು ನಾನು ಗೆಳೆಯರಿಗೆ ಕೇಳಿಸಿದಾಗೆಲ್ಲ ಆಗುವುದು ಒಂದೇ. ಫೋನಿನ ಸ್ಪೀಕರಿನಲ್ಲೇ ಹಾಕುತ್ತಾರೆ, ಎರಡು ನಿಮಿಷ ಕೇಳುತ್ತಾರೆ, “ಚೆನ್ನಾಗಿದೆ, ಹಳೇ ರಾಕ್ ಥರ ಇದೆ” ಅಂತ ಹೇಳಿ ಮುಂದಿನದಕ್ಕೆ ಹೋಗುತ್ತಾರೆ. ಆ ಮಾತು ಸುಳ್ಳಲ್ಲ. ಆದರೆ ಹಾಗೆ ಕೇಳಿದರೆ ಇದರ ಅರ್ಧ ಭಾಗ ಕಿವಿಗೆ ಬೀಳುವುದೇ ಇಲ್ಲ, ಅದರಲ್ಲೂ ನನಗೆ ತುಂಬಾ ಇಷ್ಟವಾದ ಅರ್ಧ. ಅದಕ್ಕೇ ಇದನ್ನು ಹೇಗೆ ಕೇಳಬೇಕು ಅಂತ ಕೂತು ಬರೆಯುತ್ತಿದ್ದೇನೆ.

ಬ್ಲ್ಯಾಕ್‌ಬೆರಿ ಸ್ಮೋಕ್ ಅಮೆರಿಕದ ಜಾರ್ಜಿಯಾ ರಾಜ್ಯದ ಅಟ್ಲಾಂಟಾದ ಬ್ಯಾಂಡ್. ಶುರುವಾಗಿದ್ದು 2000ದಲ್ಲಿ. ಹಾಡುವವರು, ಹೆಚ್ಚಿನ ಹಾಡುಗಳನ್ನು ಬರೆಯುವವರು ಚಾರ್ಲಿ ಸ್ಟಾರ್. ‘ಬಿ ರೈಟ್ ಹಿಯರ್’ ಬಂದಿದ್ದು 2024ರ ಫೆಬ್ರವರಿ 16ಕ್ಕೆ. ಒಟ್ಟು 10 ಹಾಡು.

ಮೊದಲು ಕೇಳುವ ವ್ಯವಸ್ಥೆ ಸರಿ ಮಾಡಿಕೊಳ್ಳಿ. ಫೋನಿನ ಸ್ಪೀಕರ್ ಬೇಡವೇ ಬೇಡ, ಅದರಲ್ಲಿ ಬೇಸ್ ಗಿಟಾರ್ ಮಾಯವಾಗುತ್ತದೆ, ಬೇಸ್ ಹೋದರೆ ಈ ಸಂಗೀತಕ್ಕೆ ನೆಲವೇ ಇಲ್ಲ. ದುಬಾರಿ ಸಾಮಾನು ಏನೂ ಬೇಕಿಲ್ಲ. ಸಾಧಾರಣ ವೈರಿನ ಇಯರ್‌ಫೋನ್ ಸಾಕು, ಇಲ್ಲವೇ ಮನೆಯಲ್ಲಿ ಎರಡು ಸ್ಪೀಕರ್ ಇದ್ದರೆ ಅವುಗಳ ನಡುವೆ ಕೂತುಕೊಳ್ಳಿ. ಆಪ್‌ನಲ್ಲಿ ಹಾಡುಗಳನ್ನು ಹಿಂದುಮುಂದು ಮಾಡುವ ಶಫಲ್ ಆಫ್ ಮಾಡಿ. ಒಂದು ಹಾಡಿನ ಬಾಲಕ್ಕೆ ಇನ್ನೊಂದರ ತಲೆ ಅಂಟಿಸುವ ಕ್ರಾಸ್‌ಫೇಡ್ ಇರುತ್ತಲ್ವಾ, ಅದನ್ನೂ ಆಫ್ ಮಾಡಿ. ಆಲ್ಬಂ ಮುಗಿದ ತಕ್ಷಣ ತಾನಾಗಿ ಬೇರೇನೋ ಹಾಕುವ ಆಟೋಪ್ಲೇಯನ್ನಂತೂ ಮರೆಯದೆ ತೆಗೆಯಿರಿ.

ಮೊದಲ ಸಲ ಪೂರ್ತಿ ಕೇಳಿ, ಕೊಟ್ಟಿರುವ ಅನುಕ್ರಮದಲ್ಲೇ. ಒಂದು ಗಂಟೆಯೊಳಗೆ ಮುಗಿಯುತ್ತದೆ. ಸಾಹಿತ್ಯ ಹುಡುಕಿ ಓದಬೇಡಿ, ಬ್ಯಾಂಡಿನ ಕಥೆಯನ್ನೂ ತಲೆಗೆ ತಂದುಕೊಳ್ಳಬೇಡಿ. ಐದನೇ ಹಾಡು ‘ಅಜೇಲಿಯಾ’. ಜಾರ್ಜಿಯಾ ಕಡೆ ವಸಂತದಲ್ಲಿ ಮನೆಯಂಗಳದಲ್ಲೆಲ್ಲ ಅರಳುವ ಹೂವಿನ ಹೆಸರು ಅದು. ಅಷ್ಟು ಹೊತ್ತೂ ಜೋರಾಗಿದ್ದ ಬ್ಯಾಂಡ್ ಅಲ್ಲಿ ಇದ್ದಕ್ಕಿದ್ದಂತೆ ದನಿ ತಗ್ಗಿಸಿ ಅಕೂಸ್ಟಿಕ್ ಗಿಟಾರಿಗೆ ಬರುತ್ತದೆ. ಅದು ಮುಗಿದ ಮೇಲೆ ಬೇಕಾದರೆ ಎದ್ದು ಒಂದು ಲೋಟ ನೀರು ಕುಡಿದು ಬನ್ನಿ. ಐದು ಹಾಡು ಆಚೆ, ಐದು ಈಚೆ, ಎಲ್‌ಪಿ ತಿರುಗಿಸಿ ಹಾಕುತ್ತಿದ್ದ ಕಾಲದ ಲೆಕ್ಕ ಇದಕ್ಕೆ ಸರಿಯಾಗಿ ಹೊಂದುತ್ತದೆ.

ಏಳನೇ ಹಾಡಿನ ಹೆಸರು ‘ವಾಚಾ ನೋ ಗುಡ್’ (Whatcha Know Good). ಇದನ್ನು ಶಬ್ದಶಃ ಅರ್ಥ ಮಾಡಲು ಹೋಗಬೇಡಿ. ದಕ್ಷಿಣ ಅಮೆರಿಕನ್ನರಲ್ಲ, ಅಮೆರಿಕದ ದಕ್ಷಿಣದ ರಾಜ್ಯಗಳ ಜನ ದಾರಿಯಲ್ಲಿ ಸಿಕ್ಕವರನ್ನು ಮಾತನಾಡಿಸುವ ರೀತಿ ಅದು. ನಾವು “ಏನ್ ಸಮಾಚಾರ?” ಅನ್ನುತ್ತೀವಲ್ಲ, ಹಾಗೆ. ಉತ್ತರ ಬರಲೇಬೇಕು ಅಂತೇನಿಲ್ಲ.

ಎರಡನೇ ಸಲ ಗಿಟಾರ್ ಕೇಳಿ. ಬರೀ ಗಿಟಾರ್. ಇವರು ನುಡಿಸುವ ಸದರ್ನ್ ರಾಕ್, ಅಂದರೆ ಅಮೆರಿಕದ ದಕ್ಷಿಣದ ರಾಜ್ಯಗಳ ರಾಕ್, ಮೊದಲಿಂದಲೂ ಒಂದಕ್ಕಿಂತ ಜಾಸ್ತಿ ಗಿಟಾರ್‌ಗಳ ಸಂಗೀತ. ಈ ಬಗೆಯ ಹಳೆಯ ಹೆಸರುಗಳಾದ ಆಲ್ಮನ್ ಬ್ರದರ್ಸ್ ಬ್ಯಾಂಡ್‌ನಲ್ಲಿ ಎರಡಿದ್ದವು, ಲಿನರ್ಡ್ ಸ್ಕಿನರ್ಡ್‌ನಲ್ಲಿ ಮೂರು. ಬ್ಲ್ಯಾಕ್‌ಬೆರಿ ಸ್ಮೋಕ್‌ನಲ್ಲೂ ಚಾರ್ಲಿ ಸ್ಟಾರ್, ಪಾಲ್ ಜ್ಯಾಕ್ಸನ್, ಬೆಂಜಿ ಶ್ಯಾಂಕ್ಸ್ ಅಂತ ಮೂರು ಜನ. ಮೂರೂ ಒಟ್ಟಿಗೆ ಕೂಗಾಡಿದರೆ ಸಂತೆಯಾಗುತ್ತದೆ, ಆದರೆ ಇವರು ಹಾಗೆ ಮಾಡುವುದಿಲ್ಲ, ಒಬ್ಬರು ಹಾಡಿನ ದಾರಿ ಹಿಡಿದು ಹೋಗುತ್ತಿದ್ದರೆ ಇನ್ನೊಬ್ಬರು ಪಕ್ಕದಲ್ಲೇ ಸಣ್ಣದಾಗಿ ಉತ್ತರ ಕೊಡುತ್ತಿರುತ್ತಾರೆ, ಹಾಡುಗಾರ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಮಾತ್ರ ಮುಂದೆ ಬರುತ್ತಾರೆ. ಇಯರ್‌ಫೋನ್‌ನಲ್ಲಿ ಒಂದು ಕಿವಿಯದ್ದು ತೆಗೆದು ಒಂದು ಹಾಡು ಕೇಳಿ, ಆಮೇಲೆ ಇನ್ನೊಂದು ಕಿವಿಯದ್ದು ತೆಗೆದು ಅದೇ ಹಾಡು ಕೇಳಿ. ಈ ಬಗೆಯ ಸಂಗೀತದಲ್ಲಿ ಸಾಮಾನ್ಯವಾಗಿ ಗಿಟಾರ್‌ಗಳನ್ನು ಎಡಕ್ಕೊಂದು ಬಲಕ್ಕೊಂದು ಹಂಚಿರುತ್ತಾರೆ. ಯಾರು ಏನು ನುಡಿಸುತ್ತಿದ್ದಾರೆ ಅಂತ ಬಿಡಿಸಿಕೊಳ್ಳಲು ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ.

ಸ್ಲೈಡ್ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ನಮ್ಮ ಕಿವಿಗೆ ಇದು ಬೇರೆಯವರಿಗಿಂತ ಬೇಗ ಹತ್ತುತ್ತದೆ. ಬೆರಳಿಗೆ ಗಾಜಿನ ಅಥವಾ ಲೋಹದ ಕೊಳವೆ ಹಾಕಿಕೊಂಡು, ತಂತಿಯನ್ನು ಮನೆಗೆ (ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿಗೆ) ಒತ್ತದೆ, ಮೇಲಿಂದಲೇ ಜಾರಿಸುತ್ತಾರೆ. ಸ್ವರದಿಂದ ಸ್ವರಕ್ಕೆ ಮೆಟ್ಟಿಲಿಲ್ಲ, ಜಾರುವುದೇ. ಚಿತ್ರವೀಣೆ ಕೇಳಿದವರಿಗೆ ಇದು ಗೊತ್ತು, ಅಲ್ಲೂ ಮನೆಗಳಿಲ್ಲ, ಕೋಲು ಜಾರಿಸಿಯೇ ಗಮಕ ತರುತ್ತಾರೆ. ಆಲ್ಮನ್ ಬ್ರದರ್ಸ್‌ನ ಡುವೇನ್ ಆಲ್ಮನ್ ಶೀತದ ಮಾತ್ರೆಯ ಗಾಜಿನ ಸೀಸೆಯನ್ನೇ ಬೆರಳಿಗೆ ಹಾಕಿಕೊಂಡು ನುಡಿಸುತ್ತಿದ್ದರು. ಮುಂದೆ 1999ರಲ್ಲಿ ಅದೇ ಬ್ಯಾಂಡಿಗೆ ಸೇರಿದ ಡೆರೆಕ್ ಟ್ರಕ್ಸ್, ಅಲಿ ಅಕ್ಬರ್ ಖಾನ್ ಅವರ ಸರೋದ್ ಕೇಳಿ ಕೇಳಿ ತಮ್ಮ ಸ್ಲೈಡ್ ಅನ್ನೇ ಬದಲಿಸಿಕೊಂಡವರು. ಹಾಗಾಗಿ ಜಾರ್ಜಿಯಾದ ಗಿಟಾರಿನಲ್ಲಿ ಎಲ್ಲೋ ನಮ್ಮದು ಕೇಳಿದಂತಾದರೆ ಅದು ಬರೀ ಭ್ರಮೆಯಲ್ಲ. ಈ ಆಲ್ಬಂನಲ್ಲೂ ಗಿಟಾರ್ ಅಳುವ ಹಾಗೆ ಎಳೆದುಕೊಂಡು ಬರುವ ಕಡೆ ಹಾಡು ನಿಲ್ಲಿಸಿ, ಹತ್ತು ಸೆಕೆಂಡ್ ಹಿಂದೆ ಹೋಗಿ ಮತ್ತೆ ಕೇಳಿ.

ಗಿಟಾರ್ ಹಿಂದೆ ಬ್ರ್ಯಾಂಡನ್ ಸ್ಟಿಲ್ ಅವರ ಕೀಬೋರ್ಡ್ ಇದೆ, ಬೇಗ ಗಮನಕ್ಕೆ ಬರುವುದಿಲ್ಲ. ಈ ಸಂಗೀತದಲ್ಲಿ ಪಿಯಾನೋ ಜೊತೆಗೆ ಹ್ಯಾಮಂಡ್ ಆರ್ಗನ್ ಇರುತ್ತದೆ. ಅದರ ಸ್ಪೀಕರಿನೊಳಗೆ ತಿರುಗುವ ಭಾಗ ಇರುವುದರಿಂದ ದನಿ ಅಲೆಅಲೆಯಾಗಿ ನಡುಗುತ್ತದೆ. ದಕ್ಷಿಣದ ಚರ್ಚುಗಳಲ್ಲಿ ಭಜನೆಯ ಹಿಂದೆ ಕೇಳುವ ದನಿ ಅದೇ. ಚಾರ್ಲಿ ಸ್ಟಾರ್ ಅಲಬಾಮಾದವರು, ಅಪ್ಪ ಹಾಡುತ್ತಿದ್ದ ಬ್ಲೂಗ್ರಾಸ್ (ಬ್ಯಾಂಜೊ, ಪಿಟೀಲಿನ ಹಳ್ಳಿಗಾಡಿನ ಸಂಗೀತ) ಮತ್ತು ಗಾಸ್ಪೆಲ್ (ಚರ್ಚಿನ ಹಾಡು) ಕೇಳಿ ಬೆಳೆದವರು. ಬ್ಲೂಸ್, ಕಂಟ್ರಿ, ಚರ್ಚಿನ ಹಾಡು, ಈ ಮೂರನ್ನೂ ಜೋರು ಗಿಟಾರಿನ ಜೊತೆ ಕಲಸಿದರೆ ಸದರ್ನ್ ರಾಕ್.

ಈ ಸಂಗೀತದ ಬಗ್ಗೆ ಓದಲು ಹೋದರೆ ಒಂದು ಬಾವುಟ ಎದುರಾಗುತ್ತದೆ. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಯುದ್ಧ ಮಾಡಿದ ದಕ್ಷಿಣದ ರಾಜ್ಯಗಳ ಬಾವುಟ ಅದು, ಹಲವು ಬ್ಯಾಂಡ್‌ಗಳು ಎಷ್ಟೋ ವರ್ಷ ವೇದಿಕೆಯ ಮೇಲೆ ಅದನ್ನು ಹಾಕಿಕೊಂಡಿದ್ದವು. ಅದನ್ನು ನೋಡಿ ಬೇಜಾರಾಗುವುದು ಸರಿಯೇ. ಆದರೆ ಈ ಸಂಗೀತದ ಬೇರು ಕಪ್ಪು ಜನರ ಬ್ಲೂಸ್ ಮತ್ತು ಗಾಸ್ಪೆಲ್. 1969ರಲ್ಲಿ ಆಲ್ಮನ್ ಬ್ರದರ್ಸ್ ಶುರುವಾದಾಗಲೇ ಅವರ ಇಬ್ಬರು ಡ್ರಮ್ಮರ್‌ಗಳಲ್ಲಿ ಒಬ್ಬರಾದ ಜೈಮೋ ಕಪ್ಪು ಕಲಾವಿದರು. ಅದು ನೆನಪಿರಲಿ.

ಈಗ ಮೂರನೇ ಸಲ. ಇದಕ್ಕಾಗಿಯೇ ನಾನು ಇಷ್ಟೆಲ್ಲ ಬರೆದಿದ್ದು.

ಡ್ರಮ್ಮರ್ ಹೆಸರು ಬ್ರಿಟ್ ಟರ್ನರ್. ಬೇಸ್ ನುಡಿಸುವ ರಿಚರ್ಡ್ ಟರ್ನರ್ ಅವರ ಸಹೋದರ. 2022ರಲ್ಲಿ ಬ್ರಿಟ್ ಅವರಿಗೆ ಗ್ಲಿಯೋಬ್ಲಾಸ್ಟೋಮಾ, ಅಂದರೆ ಮೆದುಳಿನ ತೀರಾ ಕೆಟ್ಟ ಬಗೆಯ ಕ್ಯಾನ್ಸರ್, ಇದೆ ಅಂತ ಗೊತ್ತಾಯಿತು. ಶಸ್ತ್ರಚಿಕಿತ್ಸೆ ಆಯಿತು, ಮತ್ತೆ ಬಂದು ಡ್ರಮ್ಸ್ ಮುಂದೆ ಕೂತರು. 2024ರ ಮಾರ್ಚ್ 3ರಂದು ತೀರಿಕೊಂಡರು. ಆಲ್ಬಂ ಬಂದು ಆಗ 16 ದಿನ ಆಗಿತ್ತು. ಅವರೇ ನಮ್ಮ ದಿಕ್ಸೂಚಿ ಅಂತ ಬ್ಯಾಂಡ್ ಅವರ ಬಗ್ಗೆ ಹೇಳಿಕೊಂಡಿತು.

ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಅಂದರೆ, ಮೊದಲೇ ಗೊತ್ತಿದ್ದರೆ ಇಡೀ ಆಲ್ಬಂ ಸಾವಿನ ಆಲ್ಬಂ ಆಗಿಬಿಡುತ್ತದೆ, ಪ್ರತಿ ಸಾಲಿನಲ್ಲೂ ಏನೋ ಮುನ್ಸೂಚನೆ ಹುಡುಕಲು ಶುರು ಮಾಡುತ್ತೀರಿ. ಇದು ಹಾಗಿಲ್ಲ. ಖುಷಿ ಇದೆ, ತಲೆ ಆಡಿಸುವ ಹಾಡುಗಳಿವೆ, ಕೊನೆಯ ಹಾಡು ‘ಬೇರ್‌ಫುಟ್ ಏಂಜೆಲ್’ ಒಂದು ಪ್ರೇಮದ ಹಾಡು. ಅದನ್ನೆಲ್ಲ ಇದ್ದ ಹಾಗೇ ಎರಡು ಸಲ ಕೇಳಿದ ಮೇಲೆ ಈಗ ಕಿವಿಯಲ್ಲಿ ಡ್ರಮ್ಸ್ ಹಿಡಿದು ಕೂತುಕೊಳ್ಳಿ.

ಹಿಡಿಯುವುದು ಹೀಗೆ. ಮೊದಲ ಹಾಡು ‘ಡಿಗ್ ಎ ಹೋಲ್’ ಹಾಕಿ. ಹಾಡನ್ನು ಬಿಡಿ, ಕಾಲಿನಲ್ಲಿ ಬಾರಿಸುವ ದೊಡ್ಡ ಡ್ರಮ್‌ನ ದಪ್ಪ ಪೆಟ್ಟಿಗೆ ನಿಮ್ಮ ಹಿಮ್ಮಡಿ ತಟ್ಟಿ. ಅದು ಕೂತ ಮೇಲೆ, ಕೋಲಿನಿಂದ ಬಾರಿಸುವ ಚಿಕ್ಕ ಡ್ರಮ್ ಸ್ನೇರ್‌ನ ಚಟ್ ಅನ್ನುವ ಪೆಟ್ಟಿಗೆ ತೊಡೆಯ ಮೇಲೆ ಕೈ ತಟ್ಟಿ. ಮನೆಯಲ್ಲಿ ಭಜನೆಗೆ ತಾಳ ಹಾಕಿ ಅಭ್ಯಾಸ ಇರುವವರಿಗೆ ಕಷ್ಟವೇ ಅಲ್ಲ, ಆದರೆ ಒತ್ತು ಬೀಳುವ ಜಾಗ ಬೇರೆ. ನಾಲ್ಕು ಎಣಿಸಿದರೆ ಎರಡನೆಯದಕ್ಕೆ, ನಾಲ್ಕನೆಯದಕ್ಕೆ. ಮೊದಲ ಎಣಿಕೆಗೇ ಕೈ ಹೋಗುತ್ತಿದ್ದರೆ ಗಾಬರಿ ಬೇಡ, ಒಂದು ಹಾಡಿನೊಳಗೆ ಸರಿಯಾಗುತ್ತದೆ. ಆಮೇಲೆ ಬೇಸ್ ಎಲ್ಲಿದೆ ನೋಡಿ. ಕಾಲಿನ ಪೆಟ್ಟಿಗೆ ಬೇಸ್ ಅಂಟಿಕೊಂಡೇ ಹೋಗುತ್ತದೆ. ಅಣ್ಣತಮ್ಮಂದಿರು ಎಷ್ಟೋ ವರ್ಷ ಒಟ್ಟಿಗೆ ನುಡಿಸಿದ್ದಾರೆ, ಅದು ಕೇಳುತ್ತದೆ.

ಬ್ರಿಟ್ ಎಲ್ಲೂ ತಮ್ಮನ್ನು ತೋರಿಸಿಕೊಳ್ಳುವುದಿಲ್ಲ. ಪಟಪಟ ಅಂತ ಬಾರಿಸಿ ಕೈಚಳಕ ಮೆರೆಯುವ ಡ್ರಮ್ಮರ್ ಅಲ್ಲ. ಚರಣ ಮುಗಿದು ಪಲ್ಲವಿಗೆ ತಿರುಗುವ ಕಡೆ ಒಂದು ಚಿಕ್ಕ ಉರುಳಿಕೆ, ಅಷ್ಟೇ, ಮತ್ತೆ ದಾರಿಗೆ. ಈ ಆಲ್ಬಂ ಮಾಡಿಸಿದ ಡೇವ್ ಕಾಬ್ ಬ್ಯಾಂಡನ್ನು ಒಟ್ಟಿಗೆ ಕೂರಿಸಿ ನುಡಿಸಿ ಧ್ವನಿಮುದ್ರಿಸುವುದಕ್ಕೆ ಹೆಸರಾದವರು. ಒಬ್ಬರು ನುಡಿಸಿ ಹೋದ ಮೇಲೆ ಇನ್ನೊಬ್ಬರು ಬಂದು ಅದರ ಮೇಲೆ ಅಂಟಿಸುವ ಪದ್ಧತಿಯಲ್ಲ ಅದು. ಹಾಗಾಗಿ ಇಲ್ಲಿ ಎಲ್ಲರೂ ಡ್ರಮ್ಸ್ ಕಡೆ ಕಿವಿ ಇಟ್ಟುಕೊಂಡು ನುಡಿಸುತ್ತಿರುವುದು ನಿಮಗೆ ಗೊತ್ತಾಗುತ್ತದೆ. ಹಾಡು ಕೊಂಚ ಏರಿದರೆ ಅವರೂ ಏರುತ್ತಾರೆ, ಇಳಿದರೆ ಇಳಿಯುತ್ತಾರೆ. ‘ಇಲ್ಲೇ ಇರು’ ಅನ್ನುವ ಅರ್ಥದ ಹೆಸರನ್ನು ಆಲ್ಬಂಗೆ ಇಟ್ಟಿದ್ದಾರೆ. ಮೂರನೇ ಸಲ ಕೇಳುವಾಗ ಆ ಹೆಸರು ನನಗೆ ಬೇರೆ ಥರ ಕೇಳಿಸಿತು, ಕಣ್ಣು ತುಂಬಿ ಬಂತು.

ಈ ಬ್ಯಾಂಡಿನ ಅಭಿಮಾನಿಗಳು ತಮ್ಮನ್ನು ಬ್ರದರ್ಸ್ ಅಂಡ್ ಸಿಸ್ಟರ್ಸ್ ಅಂತ ಕರೆದುಕೊಳ್ಳುತ್ತಾರೆ. ಬ್ಯಾಂಡ್ ಬಹಳ ವರ್ಷದಿಂದ ಮಕ್ಕಳ ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಿಕೊಂಡು ಬಂದಿದೆ, ಅದರಲ್ಲಿ ಇವರೂ ಕೈಜೋಡಿಸುತ್ತಾರೆ.

ಇಷ್ಟವಾದರೆ ಮುಂದೇನು? 2021ರ ‘ಯು ಹಿಯರ್ ಜಾರ್ಜಿಯಾ’ ಕೇಳಿ, ಅದೂ ಡೇವ್ ಕಾಬ್ ಮಾಡಿಸಿದ್ದೇ, ಆಲ್ಮನ್ ಬ್ರದರ್ಸ್‌ನಲ್ಲಿ ನುಡಿಸಿದ್ದ ವಾರನ್ ಹೇನ್ಸ್ ಒಂದು ಹಾಡಿಗೆ ಬಂದಿದ್ದಾರೆ. ಅಲ್ಲಿಂದ 2012ರ ‘ವಿಪ್ಪೂರ್‌ವಿಲ್’ಗೆ ಹಿಂದೆ ಹೋಗಿ. ಹಲವು ಅಭಿಮಾನಿಗಳು ಈ ಬ್ಯಾಂಡಿಗೆ ಮನಸೋತದ್ದು ಅಲ್ಲೇ. ಬೇರು ನೋಡಬೇಕು ಅನ್ನಿಸಿದರೆ ಆಲ್ಮನ್ ಬ್ರದರ್ಸ್ 1971ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಫಿಲ್‌ಮೋರ್ ಈಸ್ಟ್‌ನಲ್ಲಿ ನುಡಿಸಿದ ಕಛೇರಿಯ ಧ್ವನಿಮುದ್ರಿಕೆ ಇದೆ. ಅದಕ್ಕೆ ಮಾತ್ರ ಒಂದು ಸಂಜೆ ಪೂರ್ತಿ ಬಿಡುವು ಮಾಡಿಕೊಳ್ಳಿ. ಡುವೇನ್ ಆಲ್ಮನ್ ಅದೇ ವರ್ಷದ ಅಕ್ಟೋಬರ್‌ನಲ್ಲಿ ಬೈಕ್ ಅಪಘಾತದಲ್ಲಿ ಹೋದರು, ಆಗ ಅವರಿಗೆ 24 ವರ್ಷ. ಅಲ್ಲಿ ಇಬ್ಬರು ಡ್ರಮ್ಮರ್‌ಗಳಿದ್ದಾರೆ. ಹಿಮ್ಮಡಿ ಒಬ್ಬರಿಗೆ, ಕೈ ಇನ್ನೊಬ್ಬರಿಗೆ ಕೊಟ್ಟು ನೋಡಿ.