ಮಳೆಗಾಲದ ಸಂಜೆಗೆ ‘1942 ಎ ಲವ್ ಸ್ಟೋರಿ’: ಹಾಡು ಹೆಂಗೆ ಕೇಳ್ಬೇಕು

ಮೊದ್ಲು ಒಂದು ಕೆಲ್ಸ ಮಾಡಿ. ನಿಮ್ಮ ಫೋನಲ್ಲಿ ಈ ಹಿಂದಿ ಸಿನಿಮಾದ ಹಾಡು ‘ಝಂಕಾರ್ ಬೀಟ್ಸ್’ ಅಂತ ಹೆಸ್ರಿರೋ ಫೈಲಲ್ಲಿ ಇದ್ರೆ ಡಿಲೀಟ್ ಮಾಡಿಬಿಡಿ. ಮೂಲ ಹಾಡಿನ ಮೇಲೆ ಬೇರೆ ಡ್ರಮ್ಮು, ಎಕೋ ಎಲ್ಲ ಹೇರಿರ್ತಾರೆ ಅದ್ರಲ್ಲಿ. ಮೂಲ ಹಾಡನ್ನ ತಿದ್ದಿ ಲೋಫೈ, ರೀವರ್ಬ್ ಅಂತ ಹಾಕಿರೋವೂ ಬೇಡ. ಈ ಹಾಡುಗಳಲ್ಲಿ ರಾಗ ಮುಂದೆ ಹೋಗತ್ತೆ, ತಾಳ ಹಿಂದೆ ಮೆಲ್ಲಗೆ ಬರತ್ತೆ, ಹಳೇ ಕಾಲದ ಹಾಡು ಕೇಳಿದಂಗೆ ಆಗೋದೇ ಅದ್ರಿಂದ, ಆ ತಾಳಾನೇ ಮುಂದೆ ತಂದು ನಿಲ್ಸಿದ್ರೆ ಉಳಿಯೋದೇನು ಹೇಳಿ?

ಒರಿಜಿನಲ್ ಆಲ್ಬಮ್ ಪೂರ್ತಿ ಮೊದ್ಲೇ ಡೌನ್‌ಲೋಡ್ ಮಾಡಿಟ್ಕೊಳ್ಳಿ, ಯಾಕಂದ್ರೆ ಶಿರಸಿ ಸಿದ್ದಾಪುರ ಕಡೆ ಗಾಳಿಮಳೆ ಬಂತು ಅಂದ್ರೆ ಕರೆಂಟೂ ಹೋಗತ್ತೆ ಅದ್ರ ಹಿಂದೆ ನೆಟ್‌ವರ್ಕೂ ಹೋಗತ್ತೆ. ಸ್ಪೀಕರಲ್ಲಿ ಬಾಸ್ ಬೂಸ್ಟ್ ಇದ್ರೆ ಆಫ್ ಮಾಡಿ. ಹಂಚಿನ ಮೇಲೆ ಮಳೆ ಜೋರಾಗಿ ಹೊಡೀತಾ ಇರೋವಾಗ ಮಾತ್ರ ಹಾಕ್ಬೇಡಿ, ಆ ಸದ್ದಲ್ಲಿ ಮೆತ್ತಗಿನ ವಾದ್ಯ ಎಲ್ಲ ಮುಳುಗಿಹೋಗತ್ತೆ, ಕೇಳ್ತಿಲ್ಲ ಅಂತ ವಾಲ್ಯೂಮ್ ಏರ್ಸಿದ್ರೆ ದನಿ ಬರೀ ಕರ್ಕಶ ಆಗತ್ತೆ. ಮಳೆ ಸ್ವಲ್ಪ ಹೊಳವಾಗಲಿ, ಒಂದು ಲೋಟ ಕಷಾಯ ಮಾಡ್ಕೊಂಡು ಜಗಲಿ ಮೇಲೆ ಕೂತ್ಕೊಳ್ಳಿ. ಕಾರವಾರದಲ್ಲಿ ಸಮುದ್ರದ ಬದಿಗೇ ಮನೆ ಇದ್ದೋರಿಗೆ ಇಯರ್‌ಫೋನೇ ಒಳ್ಳೇದು.

ಇನ್ನೊಂದು ವಿಷ್ಯ ತಿಳ್ಕೊಂಡು ಕೇಳಿ. ಇದು ಸಂಗೀತ ನಿರ್ದೇಶಕ ಆರ್.ಡಿ. ಬರ್ಮನ್ ಅವ್ರ ಕೊನೇ ದಿನಗಳ ಕೆಲ್ಸ. 1994ರ ಜನವರಿ 4ಕ್ಕೆ ಅವ್ರು ತೀರ್ಕೊಂಡ್ರು, 54 ವರ್ಷ ಅಷ್ಟೇ, ಸಿನಿಮಾ ಬಂದಿದ್ದು ಅದೇ ವರ್ಷ ಜುಲೈಲಿ. ಊರೆಲ್ಲ ಈ ಹಾಡು ಹಾಡಿದ್ದನ್ನ ಅವ್ರು ನೋಡ್ಲೇ ಇಲ್ಲ. ಫಿಲಂಫೇರ್ ಪ್ರಶಸ್ತಿ ಕೂಡ ಅವ್ರು ಹೋದ್ಮೇಲೆ ಬಂತು. ನಂಗೆ ಇದು ಈಗ್ಲೂ ಸಂಕಟ ಆಗೋ ವಿಷ್ಯ.

ಶುರು ಮಾಡೋದು ಕುಮಾರ್ ಸಾನು ಹಾಡಿರೋ ‘ಕುಛ್ ನಾ ಕಹೋ’ ಇಂದ ಆಗ್ಲಿ, ಆಮೇಲೆ ‘ರಿಮ್‌ಝಿಮ್ ರಿಮ್‌ಝಿಮ್’. ಇದನ್ನ ಎರಡು ಸಲ ಕೇಳ್ಬೇಕು, ಒಂದ್ಸಲ ಸಾನು ಮತ್ತೆ ಕವಿತಾ ಕೃಷ್ಣಮೂರ್ತಿ ದನಿಗೆ, ಇನ್ನೊಂದ್ಸಲ ದನಿ ಬಿಟ್ಟು ಹಿಂದಿನ ವಾದ್ಯಕ್ಕೆ ಮಾತ್ರ. ಮುಂಗಾರು ಶುರುವಾದ ವಾರ ಇದಕ್ಕಿಂತ ಒಳ್ಳೇ ಹಾಡು ನಂಗಂತೂ ಗೊತ್ತಿಲ್ಲ. ‘ರೂಠ್ ನಾ ಜಾನಾ’ ಹಗುರ ಹಾಡು, ಅಡುಗೆಮನೇಲಿ ಕೆಲ್ಸ ಮಾಡ್ತಾನೂ ಕೇಳ್ಬಹುದು.

ನಿಜವಾಗಿ ಕೂತು ಕೇಳ್ಬೇಕಾಗಿದ್ದು ‘ಏಕ್ ಲಡ್ಕೀ ಕೋ ದೇಖಾ’. ಸಾಹಿತ್ಯ ಬರೆದ ಜಾವೇದ್ ಅಖ್ತರ್ ಇದ್ರಲ್ಲಿ ಒಂದೊಂದು ಚರಣಕ್ಕೂ ಏಳು ಹೋಲಿಕೆ ಇಟ್ಟಿದಾರೆ, ಮೂರು ಚರಣಕ್ಕೆ ಒಟ್ಟು 21. ಬೆರಳು ಮಡಚ್ತಾ ಕೇಳಿ ನೋಡಿ. ಮೊದಲಿನ ಆರು ಎರಡೆರಡು ಜೋಡಿಯಾಗಿ ಪ್ರಾಸದಲ್ಲಿ ಬರ್ತವೆ, ಗುಲಾಬ್ ಆದ್ಮೇಲೆ ಖ್ವಾಬ್, ಕಿರಣ್ ಆದ್ಮೇಲೆ ಹಿರಣ್, ಎಲ್ಲ ಚಿಕ್ಕ ಚಿಕ್ಕ ತುಂಡು. ಏಳನೇದು ಮಾತ್ರ ಒಂಟಿ, ಸ್ವಲ್ಪ ಉದ್ದ. ದೀಪ, ಗಾಳಿ, ನಶೆ, ಮೂರೂ ಚರಣದಲ್ಲಿ ಆ ಏಳನೇದು ‘ಆ’ ಅಂತ್ಲೇ ಮುಗಿಯತ್ತೆ, ದಿಯಾ, ಹವಾ, ನಶಾ, ಅಲ್ಲಿಂದ ‘ಐಸಾ ಲಗಾ’ ಅನ್ನೋ ಪಲ್ಲವಿ ತಾನಾಗೇ ಕೂಡ್ಕೊಳತ್ತೆ. ಇಡೀ ಪಟ್ಟೀಲಿ ಕಥೆ ಅನ್ನೋದೇ ಇಲ್ಲ, ಒಬ್ಬ ಹುಡುಗೀನ ನೋಡ್ದ, ಅಷ್ಟೇ, ಆದ್ರೂ ಎಲ್ಲೂ ಬೇಜಾರಾಗಲ್ಲ ಅಂದ್ರೆ ಅದು ಪೂರ್ತಿ ರಾಗದ ಕೈಚಳಕ. ಸಾನು ಎಲ್ಲೂ ದನಿ ಎತ್ತಲ್ಲ, ಅದನ್ನೂ ಗಮನಿಸಿ.

‘ಪ್ಯಾರ್ ಹುವಾ ಚುಪ್ಕೇ ಸೇ’ ಕವಿತಾ ಅವ್ರೊಬ್ರದೇ ಹಾಡು, ಇಯರ್‌ಫೋನ್ ಹಾಕ್ಕೊಂಡೇ ಕೇಳಿ. ಲತಾ ಮಂಗೇಶ್ಕರ್ ಹಾಡಿರೋ ‘ಕುಛ್ ನಾ ಕಹೋ’ ಕೊನೇಗೆ ಇಟ್ಕೊಳ್ಳಿ, ಮೊದ್ಲು ಸಾನು ದನೀಲಿ ಕೇಳಿದ್ದೇ ಧಾಟಿ, ಇಲ್ಲಿ ಅದೇ ದುಃಖ ಆಗಿದೆ. ಎರಡನ್ನೂ ಒಂದೇ ಸಂಜೆ ಕೇಳಿದ್ರೆ ಮಾತ್ರ ಬರ್ಮನ್ ಏನು ಮಾಡಿದಾರೆ ಅಂತ ತಿಳಿಯೋದು.

ಹಿಂದಿ ಅಷ್ಟಾಗಿ ಬರ್ದಿದ್ರೂ ಚಿಂತೆ ಇಲ್ಲ, ಒಂದ್ಸಲ ಸಾಹಿತ್ಯ ಓದ್ಕೊಂಡು ಬದಿಗಿಡಿ, ಕೇಳ್ವಾಗ ಫೋನ್ ನೋಡ್ತಾ ಕೂರ್ಬೇಡಿ. ವಿಡಿಯೋ ಆಮೇಲೆ ನೋಡಿದ್ರಾಯ್ತು.

ಇದು ಹಿಡಿಸ್ತು ಅಂದ್ರೆ ಆರ್.ಡಿ. ಅವ್ರ ಅಪ್ಪ ಎಸ್.ಡಿ. ಬರ್ಮನ್ ಅವ್ರ ಐವತ್ತರ ದಶಕದ ಹಾಡುಗಳಿಗೆ ಹೋಗಿ. ಹೊಸ ರೆಕಾರ್ಡಿಂಗೇ ಬೇಕು ಅನ್ನೋರು 2005ರ ‘ಪರಿಣೀತಾ’ ಹಾಕ್ಕೊಳ್ಳಿ, ಶಂತನು ಮೊಯಿತ್ರಾ ಸಂಗೀತ, ಅದ್ರಲ್ಲಿ ಮೊದ್ಲು ‘ಪಿಯು ಬೋಲೆ’.